ಬೆರಳು ಚುಚ್ಚಿ ಕಾರ್ಡಿನ ಮೇಲೆ ಒಂದು ಹನಿ: ಮನೆಯಲ್ಲೇ ಮಾಡುವ ಒಮೆಗಾ-3 ಪರೀಕ್ಷೆ

ಮನೆಯಲ್ಲೇ ಬೆರಳು ಚುಚ್ಚಿಕೊಂಡು, ಒಂದೆರಡು ಹನಿ ರಕ್ತವನ್ನು ಕಾಗದದ ಕಾರ್ಡಿನ ಮೇಲೆ ಇಳಿಸಿ, ಅಂಚೆಯಲ್ಲಿ ಲ್ಯಾಬಿಗೆ ಕಳಿಸುವ ಕಿಟ್ ಇದು. ರಕ್ತದಲ್ಲಿ ಯಾವ ಕೊಬ್ಬಿನಾಮ್ಲ ಎಷ್ಟಿದೆ ಅಂತ ಅವರು ಅಳೆದು ಹೇಳುತ್ತಾರೆ. ನಾಲ್ಕು ತಿಂಗಳ ಅಂತರದಲ್ಲಿ ಎರಡು ಸಲ ಮಾಡಿಸಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕೂ ಅಂಕ ವರದಿಯ ಮೊದಲ ಪುಟದಲ್ಲಿರುವ ಒಂದು ಸಂಖ್ಯೆಗೆ. ಉಳಿದ ಪುಟಗಳ ಬಗ್ಗೆ ನನಗೆ ತಕರಾರಿದೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ಅಡುಗೆ ಎಣ್ಣೆ ಕಾರ್ಖಾನೆಯ ಲ್ಯಾಬಿನಲ್ಲಿ 22 ವರ್ಷ ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದ ಮುಂದೆ ಕೂತವಳು ನಾನು. ನಾವು ಅದಕ್ಕೆ ಜಿಸಿ ಅನ್ನುತ್ತಿದ್ದೆವು. ಎಣ್ಣೆಯನ್ನು ಮೀಥೈಲ್ ಎಸ್ಟರ್ ಮಾಡಿ, ಅಂದರೆ ಸುಲಭವಾಗಿ ಆವಿಯಾಗುವ ರೂಪಕ್ಕೆ ತಂದು, ಒಂದು ಮೈಕ್ರೊಲೀಟರ್ ಒಳಗೆ ಬಿಟ್ಟರೆ ಸಾಕು. ಒಂದೊಂದೇ ಕೊಬ್ಬಿನಾಮ್ಲ ಹೊರಗೆ ಬಂದು ಗ್ರಾಫಿನ ಮೇಲೆ ಒಂದೊಂದು ಪೀಕ್ ಬರೆಯುತ್ತದೆ. ಮೊದಲು ಪಾಮಿಟಿಕ್, ಆಮೇಲೆ ಸ್ಟಿಯರಿಕ್, ಓಲಿಯಿಕ್, ಲಿನೋಲಿಯಿಕ್. ಯಂತ್ರ ಸರಿಯಿದೆಯಾ ಅಂತ ನೋಡೋಕೆ 37 ಕೊಬ್ಬಿನಾಮ್ಲ ಬೆರೆಸಿದ ಒಂದು ಸ್ಟ್ಯಾಂಡರ್ಡ್ ಹಾಕುತ್ತಿದ್ದೆವು. ನಮ್ಮ ಕಾಲಮ್‌ನಲ್ಲಿ, ಅಂದರೆ ಯಂತ್ರದೊಳಗಿನ ಉದ್ದ ಕೊಳವೆಯಲ್ಲಿ, ಎಲ್ಲಕ್ಕಿಂತ ಕೊನೆಗೆ ಬರುತ್ತಿದ್ದದ್ದು ಡಿಎಚ್‌ಎ, ಮೀನಿನ ಕೊಬ್ಬಿನಲ್ಲಿ ಸಿಗುವ ಒಂದು ಒಮೆಗಾ-3 ಕೊಬ್ಬಿನಾಮ್ಲ. ಆ ಪುಟ್ಟ ಪೀಕ್ ಬಂದ ಮೇಲೆಯೇ ನಾನು ಎದ್ದು ಟೀ ಕುಡಿಯಲು ಹೋಗುತ್ತಿದ್ದೆ. ಆದರೆ ನಮ್ಮ ಯಾವ ಎಣ್ಣೆಯಲ್ಲೂ ಅದು ಒಂದು ದಿನವೂ ಕಾಣಲಿಲ್ಲ. ನಾವು ನೋಡುತ್ತಿದ್ದ ಗಿಡದ ಎಣ್ಣೆಗಳಲ್ಲಿ ಡಿಎಚ್‌ಎ ಇರುವುದೇ ಇಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಮೀನು ತಿನ್ನುವುದಿಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಚಮಚ ಅಗಸೆಬೀಜದ ಪುಡಿ ತಿನ್ನುತ್ತಿದ್ದೆ. ಅದರಲ್ಲಿರುವ ಒಮೆಗಾ-3ಗೆ ಎಎಲ್‌ಎ ಅಂತ ಹೆಸರು. 18 ಕಾರ್ಬನ್, ಮೂರು ಜೋಡಿ ಬಂಧ. ದೇಹ ಇದನ್ನು ಎಳೆದು ಉದ್ದ ಮಾಡಿ, ಇನ್ನಷ್ಟು ಜೋಡಿ ಬಂಧ ಸೇರಿಸಿ, ಮೊದಲು 20 ಕಾರ್ಬನ್‌ನ ಇಪಿಎ, ಆಮೇಲೆ 22 ಕಾರ್ಬನ್‌ನ ಡಿಎಚ್‌ಎ ಮಾಡಬೇಕು. ಈ ಕೆಲಸ ಮಾಡುವ ಕಿಣ್ವಗಳೇ ಒಮೆಗಾ-6 ಅನ್ನೋ ಇನ್ನೊಂದು ಬಗೆಯ ಕೊಬ್ಬಿನಾಮ್ಲಗಳ ಕೆಲಸವನ್ನೂ ನೋಡಿಕೊಳ್ಳಬೇಕು. ಹಾಗಾಗಿ ತಿಂದ ಎಎಲ್‌ಎಯಲ್ಲಿ ಸ್ವಲ್ಪ ಭಾಗ ಮಾತ್ರ ಇಪಿಎ ಆಗುತ್ತದೆ, ಡಿಎಚ್‌ಎ ಆಗುವುದು ಇನ್ನೂ ಕಡಿಮೆ. ಓದಿ ಗೊತ್ತಿತ್ತು. ನನ್ನ ಮೈಯಲ್ಲಿ ಎಷ್ಟು ಆಗುತ್ತಿದೆ ಅನ್ನೋದು ಗೊತ್ತಿರಲಿಲ್ಲ. ಡಾಕ್ಟರ್ ಬರೆದುಕೊಡುವ ಲಿಪಿಡ್ ಪ್ರೊಫೈಲ್ ಅದನ್ನು ಹೇಳುವುದಿಲ್ಲ. ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ ಎಷ್ಟಿದೆ ಅಂತ ಅದು ಹೇಳುತ್ತದೆ. ಆ ಟ್ರೈಗ್ಲಿಸರೈಡ್ ಒಳಗೆ ಯಾವ ಕೊಬ್ಬಿನಾಮ್ಲ ಕೂತಿದೆ ಅಂತ ಅಲ್ಲಿ ಯಾರೂ ತೆಗೆದು ನೋಡುವುದಿಲ್ಲ.

ಈ ಕಿಟ್ ಕೊಡುವ ಸಂಖ್ಯೆಗೆ ಒಮೆಗಾ-3 ಇಂಡೆಕ್ಸ್ ಅಂತಾರೆ. 2004ರಲ್ಲಿ ವಿಲಿಯಂ ಹ್ಯಾರಿಸ್ ಮತ್ತು ಕ್ಲೆಮೆನ್ಸ್ ವಾನ್ ಶಾಕಿ ಇದನ್ನು ಮುಂದಿಟ್ಟರು. ಕೆಂಪು ರಕ್ತಕಣದ ಪೊರೆಯಲ್ಲಿರುವ ಎಲ್ಲ ಕೊಬ್ಬಿನಾಮ್ಲಗಳನ್ನು ನೂರು ಅಂತ ಇಟ್ಟುಕೊಂಡರೆ, ಅದರಲ್ಲಿ ಇಪಿಎ ಮತ್ತು ಡಿಎಚ್‌ಎ ಸೇರಿ ಎಷ್ಟು ಅನ್ನೋ ಲೆಕ್ಕ. ಶೇ 8ಕ್ಕಿಂತ ಮೇಲಿದ್ದರೆ ಒಳ್ಳೆಯದು, ಶೇ 4ಕ್ಕಿಂತ ಕೆಳಗಿದ್ದರೆ ತುಂಬ ಕಡಿಮೆ ಅಂತ ಅವರು ಗೆರೆ ಹಾಕಿದರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ನಿನ್ನೆ ರಾತ್ರಿ ಏನು ತಿಂದಿರಿ ಅನ್ನೋದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ಮೂರು ನಾಲ್ಕು ತಿಂಗಳ ಊಟ ಲೆಕ್ಕಕ್ಕೆ ಬರುತ್ತದೆ. ನನಗೆ ಈ ಪರೀಕ್ಷೆ ಇಷ್ಟವಾಗಿದ್ದೇ ಇದಕ್ಕೆ. ಹಿಂದಿನ ದಿನ ಪಥ್ಯ ಮಾಡಿ ಸಂಖ್ಯೆಯನ್ನು ಚೆನ್ನಾಗಿ ಕಾಣಿಸೋಕೆ ಆಗುವುದಿಲ್ಲ.

ಪೆಟ್ಟಿಗೆಯಲ್ಲಿ ಎರಡು ಚುಚ್ಚುಸೂಜಿ, ಸ್ಪಿರಿಟ್ ಹತ್ತಿ, ಒಂದು ಕಾರ್ಡು, ಒಂದು ಕವರ್ ಇರುತ್ತದೆ. ಕಾರ್ಡಿನ ಮೇಲೆ ಎರಡು ವೃತ್ತ. ಆ ಕಾಗದಕ್ಕೆ ಮೊದಲೇ ಆ್ಯಂಟಿಆಕ್ಸಿಡೆಂಟ್ ಹಚ್ಚಿರುತ್ತಾರೆ. ಅದು ಬೇಕೇ ಬೇಕು. ಡಿಎಚ್‌ಎಯಲ್ಲಿ ಆರು ಜೋಡಿ ಬಂಧ ಇದೆ, ಗಾಳಿ ತಾಗಿದರೆ ಬೇಗ ಕೆಡುತ್ತದೆ. ಹಚ್ಚದೇ ಹೋದರೆ ಅಂಚೆಯಲ್ಲಿ ಹೋಗುವಷ್ಟರಲ್ಲೇ ಒಮೆಗಾ-3 ಇಳಿದು, ಇಲ್ಲದ ಕೊರತೆ ಕಾಣಿಸುತ್ತದೆ.

ನನ್ನ ಮೊದಲ ಕಾರ್ಡು ಹಾಳಾಯಿತು. ಹನಿ ಬರಲಿಲ್ಲ ಅಂತ ಬೆರಳನ್ನು ಹಿಂಡಿದೆ. ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ನೀರೂ ಸೇರಿಕೊಳ್ಳುತ್ತದೆ. ಮೇಲಿಂದ, ಕಾರ್ಡು ಹಸಿಯಿರುವಾಗಲೇ ಮಡಚಿ ಕವರಿಗೆ ಹಾಕಿಬಿಟ್ಟೆ. ಲ್ಯಾಬಿನವರು ತಿರಸ್ಕರಿಸಿದರು. ಕೇಳದೆಯೇ ಇನ್ನೊಂದು ಕಾರ್ಡು ಕಳಿಸಿದರು, ಅದಕ್ಕೆ ಮೆಚ್ಚಬೇಕು. ಆದರೆ ಒಣಗಿಸುವ ವಿಷಯವನ್ನು ಸೂಚನೆಯ ಹಾಳೆಯ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣಗೆ ಮುದ್ರಿಸಿದ್ದಾರೆ. ಅದು ಮೊದಲ ಸಾಲಿನಲ್ಲಿ ಇರಬೇಕಾದ ಮಾತು. ಎರಡನೇ ಸಲ ಕೈಯನ್ನು ಬಿಸಿನೀರಿನಲ್ಲಿ ತೊಳೆದು, ತೋಳನ್ನು ಕೆಳಗೆ ಇಳಿಬಿಟ್ಟು, ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿಕೊಂಡೆ. ಮೊದಲ ಹನಿ ಒರೆಸಿದೆ. ಎರಡನೆಯದು ತಾನಾಗಿ ದುಂಡಗೆ ಕಟ್ಟಿಕೊಂಡು, ತೂಗಿ, ವೃತ್ತದ ನಡುವೆ ಬಿತ್ತು. ಕಾಗದದ ಹಿಂದೆ ತಿರುಗಿಸಿ ನೋಡಿದರೆ ಅಲ್ಲೂ ಅಷ್ಟೇ ಕೆಂಪಾಗಿತ್ತು. ಹಾಗೆ ಆದರೆ ಸರಿಯಾಗಿ ಹೀರಿದೆ ಅಂತ ಅರ್ಥ. ಆ ಕೆಂಪು ಕಂದು ಬಣ್ಣಕ್ಕೆ ತಿರುಗಿ ಪೂರ್ತಿ ಒಣಗುವ ತನಕ ಮುಟ್ಟಲಿಲ್ಲ.

ವರದಿ ಬಂತು. ಶೇ 3.9.

ಎರಡು ವರ್ಷದ ಅಗಸೆಬೀಜದ ಪುಡಿ ಕಣ್ಣಮುಂದೆ ಬಂತು. ಅಗಸೆಬೀಜ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಾರು ಸಿಗುತ್ತದೆ, ಎಎಲ್‌ಎ ಕೂಡ ದೇಹಕ್ಕೆ ಬೇಕೇ ಬೇಕು. ಈಗಲೂ ತಿನ್ನುತ್ತೇನೆ. ಆದರೆ ಡಿಎಚ್‌ಎಗೆ ಅದನ್ನು ನಂಬಿ ಕೂತಿದ್ದು ನನ್ನ ಮಟ್ಟಿಗೆ ಸಾಲಲಿಲ್ಲ.

ಡಾಕ್ಟರ್ ಹತ್ತಿರ ಮಾತಾಡಿ ಪಾಚಿ ಎಣ್ಣೆಯ ಕ್ಯಾಪ್ಸೂಲ್ ಶುರು ಮಾಡಿದೆ. ಮೀನಿಗೂ ಈ ಕೊಬ್ಬು ಬರುವುದು ಮೂಲದಲ್ಲಿ ಪಾಚಿಯಿಂದಲೇ ಅಲ್ವಾ. ಕೊಳ್ಳುವಾಗ ಲೇಬಲ್‌ನ ಹಿಂಬದಿ ಓದಿ ಅಂತ ಎಲ್ಲರಿಗೂ ಹೇಳುತ್ತೇನೆ. ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತ ಇರುವುದು ಎಣ್ಣೆಯ ತೂಕ. ಸಾಮಾನ್ಯ ಮೀನೆಣ್ಣೆ ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಿಲಿಗ್ರಾಂ ಅಷ್ಟೇ. ನಾನು ತೆಗೆದುಕೊಂಡದ್ದು ದಿನಕ್ಕೆ ಎರಡೂ ಸೇರಿ 500 ಮಿಲಿಗ್ರಾಂ. ಅದೂ ದೊಡ್ಡ ಊಟದ ಜೊತೆ, ಬರೀ ಹೊಟ್ಟೆಯಲ್ಲಲ್ಲ. ಊಟದಲ್ಲಿ ಕೊಬ್ಬು ಇದ್ದಾಗಲೇ ಪಿತ್ತರಸ ಮತ್ತು ಲೈಪೇಸ್ ಚೆನ್ನಾಗಿ ಬರುತ್ತವೆ, ಎಣ್ಣೆ ಒಡೆದು ಕರುಳಿಗೆ ಹತ್ತುತ್ತದೆ. ಹೊಸ ಡಬ್ಬಿ ತೆರೆದಾಗಲೆಲ್ಲ ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸುತ್ತೇನೆ. ಲ್ಯಾಬಿನಲ್ಲಿ ಎಣ್ಣೆ ಎಷ್ಟು ಕೆಟ್ಟಿದೆ ಅಂತ ತಿಳಿಯೋಕೆ ಪೆರಾಕ್ಸೈಡ್ ವ್ಯಾಲ್ಯೂ ನೋಡುವಾಗ ಥಯೋಸಲ್ಫೇಟ್ ಹನಿಹನಿಯಾಗಿ ಬಿಟ್ಟು ಪಿಷ್ಟದ ನೀಲಿ ಮಾಯವಾಗುವುದನ್ನು ಕಾಯುತ್ತಿದ್ದೆ. ಮನೆಯಲ್ಲಿ ಅದೆಲ್ಲ ಇಲ್ಲ, ಮೂಗೇ ಗತಿ. ಹಳೇ ಪೇಂಟಿನಂಥ ಕಟು ವಾಸನೆ ಬಂದರೆ ಎಸೆಯಿರಿ.

ನಾಲ್ಕು ತಿಂಗಳ ಮೇಲೆ ಇನ್ನೊಂದು ಕಾರ್ಡು ಕಳಿಸಿದೆ. ಶೇ 6.3 ಬಂತು.

ಇನ್ನು ತಕರಾರು. ವರದಿಯ ಎರಡನೇ ಪುಟದಲ್ಲಿ ಒಮೆಗಾ-6 ಮತ್ತು ಒಮೆಗಾ-3ರ ಅನುಪಾತ ಅಂತ ಒಂದು ಪಟ್ಟಿ ಇದೆ. ಅಲ್ಲಿ ಅಡುಗೆ ಎಣ್ಣೆಗಳಲ್ಲಿರುವ ಒಮೆಗಾ-6 ಆದ ಲಿನೋಲಿಯಿಕ್ ಆಮ್ಲಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ, ಏನೋ ವಿಷ ಅನ್ನುವ ಹಾಗೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929 ಮತ್ತು 1930ರಲ್ಲಿ ಕೊಬ್ಬಿಲ್ಲದ ಆಹಾರ ಕೊಟ್ಟ ಇಲಿಗಳ ಚರ್ಮ ಒಡೆದು, ಬೆಳವಣಿಗೆ ನಿಂತದ್ದನ್ನು ತೋರಿಸಿದರು. ಆ ಇಲಿಗಳನ್ನು ಸರಿಮಾಡಿದ್ದು ಇದೇ ಲಿನೋಲಿಯಿಕ್ ಆಮ್ಲ. 2019ರಲ್ಲಿ 30 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗಲೂ, ರಕ್ತದಲ್ಲಿ ಲಿನೋಲಿಯಿಕ್ ಜಾಸ್ತಿ ಇದ್ದವರಲ್ಲಿ ಹೃದಯದ ತೊಂದರೆ ಕಡಿಮೆಯೇ ಇತ್ತು. ಇಪಿಎ, ಡಿಎಚ್‌ಎ ಕಡಿಮೆ ಇದ್ದರೆ ಅದನ್ನು ಹೆಚ್ಚಿಸಿಕೊಳ್ಳಿ ಅಂತ ಹೇಳಿದರೆ ಸಾಕಲ್ವಾ? ಸುಮ್ನೆ ಜನರನ್ನು ಎಣ್ಣೆ ಕಂಡರೆ ಹೆದರುವ ಹಾಗೆ ಮಾಡೋದು ಯಾಕೆ?

ಪಾಮಿಟಿಕ್ ಆಮ್ಲದ ಕಥೆಯೂ ಹೀಗೇ. ಅದು ಜಾಸ್ತಿ ಇದ್ದರೆ 'ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ' ಅಂತ ಒಂದೇ ಸಾಲು ಬರೆದಿದ್ದಾರೆ. ಲಿವರ್ ಸಕ್ಕರೆ ಮತ್ತು ಪಿಷ್ಟದಿಂದಲೂ ಪಾಮಿಟಿಕ್ ತಯಾರಿಸುತ್ತದೆ ಅನ್ನೋ ಮಾತೇ ಇಲ್ಲ.

ಎಲ್ಲಕ್ಕಿಂತ ಬೇಸರವಾದದ್ದು ಕೊನೆಯ ಪುಟ. 'ಇಂಡೆಕ್ಸ್ ಏರಿಸಿ, ಹೃದಯ ಕಾಪಾಡಿ' ಅಂತ ಬರೆದು ಪಕ್ಕದಲ್ಲೇ ತಮ್ಮ ಕ್ಯಾಪ್ಸೂಲ್ ಜಾಹೀರಾತು ಹಾಕಿದ್ದಾರೆ. ವಿಜ್ಞಾನ ಅಷ್ಟು ಸಲೀಸಾಗಿ ಹೇಳಿಲ್ಲ. 2018ರ ವೈಟಲ್ ಪ್ರಯೋಗದಲ್ಲಿ 25,871 ಜನ ಇದ್ದರು. ದಿನಕ್ಕೆ ಒಂದು ಗ್ರಾಂ ಕ್ಯಾಪ್ಸೂಲ್ ಐದು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡರೂ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯದ ಸಾವು ಒಟ್ಟಾರೆ ಗಣನೀಯವಾಗಿ ಇಳಿಯಲಿಲ್ಲ. ಅದೇ ವರ್ಷ ಹೊರಬಂದ ರೆಡ್ಯೂಸ್-ಇಟ್ ಪ್ರಯೋಗದಲ್ಲಿ ಟ್ರೈಗ್ಲಿಸರೈಡ್ ಜಾಸ್ತಿಯಿದ್ದ, ಆಗಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 8,179 ಜನರಿಗೆ ದಿನಕ್ಕೆ ನಾಲ್ಕು ಗ್ರಾಂ ಶುದ್ಧ ಇಪಿಎ ಔಷಧ ಅಥವಾ ಹೋಲಿಕೆಗೆ ಖನಿಜ ತೈಲ ಕೊಟ್ಟರು. ಔಷಧದ ಗುಂಪಿನಲ್ಲಿ ಅಪಾಯ ಶೇ 25 ಇಳಿಯಿತು. ಆದರೆ 2020ರ ಸ್ಟ್ರೆಂತ್ ಪ್ರಯೋಗದಲ್ಲಿ ಇಪಿಎ ಮತ್ತು ಡಿಎಚ್‌ಎ ಎರಡೂ ಸೇರಿ ನಾಲ್ಕು ಗ್ರಾಂ ಕೊಟ್ಟಾಗ, ಜೋಳದೆಣ್ಣೆ ಪಡೆದವರಿಗಿಂತ ಏನೂ ಲಾಭ ಕಾಣಲಿಲ್ಲ. ಖನಿಜ ತೈಲವೇ ಸ್ವಲ್ಪ ಹಾನಿ ಮಾಡಿ ಇಪಿಎಯನ್ನು ಚೆನ್ನಾಗಿ ಕಾಣಿಸಿತೇ ಅಂತ ಸಂಶೋಧಕರು ಇನ್ನೂ ವಾದ ಮಾಡುತ್ತಿದ್ದಾರೆ. ಇಷ್ಟು ದೊಡ್ಡ ಪ್ರಮಾಣ ತೆಗೆದುಕೊಂಡವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಎರಡೂ ಪ್ರಯೋಗಗಳಲ್ಲಿ ಜಾಸ್ತಿ ಕಂಡುಬಂತು. ಈ ಒಂದು ಸಾಲನ್ನಾದರೂ ಕ್ಯಾಪ್ಸೂಲ್ ಮಾರುವವರು ಬರೆಯಬೇಕಿತ್ತು.

ಇದನ್ನು ಒತ್ತಿ ಹೇಳೋಕೆ ಕಾರಣ ನನ್ನ ತಮ್ಮ. ನನ್ನ ವರದಿ ನೋಡಿ "ಅಕ್ಕಾ, ನನಗೂ ಒಂದು ಕಿಟ್ ತರಿಸು" ಅಂದ. ಅವನ ಲಿಪಿಡ್ ಪ್ರೊಫೈಲ್ ಕೇಳಿ ತರಿಸಿಕೊಂಡೆ. ಟ್ರೈಗ್ಲಿಸರೈಡ್ 540. ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ ಜಾಗ ಖಾಲಿ ಬಿಟ್ಟಿದ್ದರು. ಲ್ಯಾಬಿನವರು ಮರೆತಿದ್ದಾರೆ ಅಂದುಕೊಂಡಿದ್ದ. ಮರೆತಿದ್ದಲ್ಲ. ಎಷ್ಟೋ ಲ್ಯಾಬುಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರ ಹಾಕಿ ಲೆಕ್ಕ ಮಾಡುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಸೂತ್ರ ನಡೆಯುವುದಿಲ್ಲ. ಅಷ್ಟು ಮೇಲಿರುವವನಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇರುತ್ತದೆ. "ನಿನಗೆ ಕಿಟ್ ಬೇಡ, ನಾಳೆನೇ ಡಾಕ್ಟರ್ ಹತ್ತಿರ ನಡಿ" ಅಂತ ಜೊತೆಗೇ ಕರೆದುಕೊಂಡು ಹೋದೆ. ಅವನು ಕುಡಿತ ಬಿಟ್ಟು, ಔಷಧ ಶುರು ಮಾಡಿದ್ದಾನೆ. ಮೀನು, ಮೀನೆಣ್ಣೆ ಮುಟ್ಟದವರಿಗೆ, ತಮ್ಮ ಊಟದಿಂದ ಏನಾಗುತ್ತಿದೆ ಅಂತ ನೋಡಬೇಕು ಅನ್ನುವವರಿಗೆ ಈ ಕಿಟ್ ಸರಿ. ಕಾಯಿಲೆ ಇರುವವರಿಗೆ ಇದು ಚಿಕಿತ್ಸೆಯ ದಾರಿ ತೋರಿಸುವುದಿಲ್ಲ.

ಇನ್ನೊಂದು ಮಾತು. ಅವರು ಅಳೆಯುವುದು ಒಣಗಿದ ಪೂರ್ಣ ರಕ್ತವನ್ನು. ಅದರಿಂದ ಕೆಂಪು ರಕ್ತಕಣದ ಸಂಖ್ಯೆಯನ್ನು ಸಮೀಕರಣ ಹಾಕಿ ತೆಗೆಯುತ್ತಾರೆ. ವರದಿಯ ಅಡಿಯಲ್ಲಿ ಅದನ್ನು ಬರೆದಿದ್ದಾರೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕರು. ಹಾಗಾಗಿ 6.3 ಮತ್ತು 6.5ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಸಲವೂ ಅದೇ ಲ್ಯಾಬಿನಲ್ಲೇ ಮಾಡಿಸಿ.

ವರದಿಯಲ್ಲಿ ಗ್ರಾಫ್ ಇರುವುದಿಲ್ಲ, ಬರೀ ಸಂಖ್ಯೆ. ನನಗೆ ಸಮಾಧಾನ ಆಗಲಿಲ್ಲ. ಇಮೇಲ್ ಬರೆದು, ನನ್ನ ಎರಡೂ ಕ್ರೊಮ್ಯಾಟೊಗ್ರಾಮ್ ಕಳಿಸಿಕೊಡಿ, ನಾನೂ ಜಿಸಿ ನಡೆಸಿದವಳು ಅಂತ ಕೇಳಿದೆ. ಒಂಬತ್ತು ದಿನ ಬಿಟ್ಟು ಕಳಿಸಿದರು. ಮುದ್ರಿಸಿಕೊಂಡು, ಎರಡೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿದೆ. ಪಾಮಿಟಿಕ್, ಓಲಿಯಿಕ್, ಲಿನೋಲಿಯಿಕ್ ಎಲ್ಲ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಬಲಗಡೆ ಅಂಚಿನಲ್ಲಿ, ನಾನು ಟೀಗೆ ಏಳುತ್ತಿದ್ದ ಆ ಜಾಗದಲ್ಲಿ, ಒಂದು ಪೀಕ್ ಮಾತ್ರ ಹಳೆಯ ಹಾಳೆಯದ್ದನ್ನು ದಾಟಿ ಮೇಲಕ್ಕೆ ಹೋಗಿತ್ತು.