ಮಂಟಪಕ್ಕೆ ಮೂರೂವರೆ ಸ್ಟಾರ್, ‘ಮ್ಯೂಸಿಕ್ ಲೈಸೆನ್ಸ್’ ಸಾಲಿಗೆ ಸೊನ್ನೆ

ನನ್ನ ತಂಗಿಯ ಮದುವೆ ದಕ್ಷಿಣ ಬೆಂಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಹೆಸರು ಹಾಕುತ್ತಿಲ್ಲ. ಯಾಕಂದ್ರೆ ನನ್ನ ಮುಖ್ಯ ದೂರು ಇದೊಂದೇ ಮಂಟಪದ ಮೇಲಲ್ಲ, ನಾವು ವಿಚಾರಿಸಿದ ಬೇರೆ ಕಡೆಯ ರೇಟ್ ಕಾರ್ಡಿನಲ್ಲೂ ಅದೇ ‘ಮ್ಯೂಸಿಕ್ ಲೈಸೆನ್ಸ್’ ಸಾಲು ಇತ್ತು. ಮೊದಲು ಮಂಟಪದ ವಿಷಯ ಹೇಳಿ ಮುಗಿಸುತ್ತೇನೆ, ಆಮೇಲೆ ಜಗಳದ ಕಥೆ.

ಜಾಗ ಚೆನ್ನಾಗಿದೆ. ಮೆಟ್ರೋ ಇಳಿದು ನಡೆದುಕೊಂಡೇ ಬರಬಹುದು. ಪಾರ್ಕಿಂಗ್ ನೆಲಮಾಳಿಗೆಯಲ್ಲಿದೆ, ಆದರೆ ಇಳಿಜಾರಿನ ತಿರುವು ಚಿಕ್ಕದು, ದೊಡ್ಡ ಗಾಡಿಗಳು ಒಂದೇ ಸಲಕ್ಕೆ ತಿರುಗಲ್ಲ, ಮುಹೂರ್ತದ ಹೊತ್ತಿಗೆ ಅಲ್ಲೇ ಅರ್ಧ ನೆಂಟರು ಸಿಕ್ಕಿಹಾಕಿಕೊಂಡಿದ್ದರು. ಹಾಲ್‌ನಲ್ಲಿ ಕಂಬಗಳು ಅಡ್ಡ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೂ ಮಾಂಗಲ್ಯಧಾರಣೆ ಕಾಣುತ್ತದೆ, ಅಂದರೆ ಫೋಟೋದವರು ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರಿದರೆ. ಹೆಣ್ಣಿನ ಕಡೆಯ ರೂಮುಗಳು ಸ್ವಚ್ಛ. ಗಂಡಿನ ಕಡೆಯ ಒಂದು ರೂಮಿನಲ್ಲಿ ಗೀಸರ್ ಕೈಕೊಟ್ಟಿತು, ಬೆಳಗ್ಗೆ ಐದಕ್ಕೆ ಬಕೆಟ್‌ನಲ್ಲಿ ಬಿಸಿನೀರು ಸಾಗಿಸಿದ್ದಾಯಿತು. ಅಡುಗೆಗೆ ಅವರದ್ದೇ ಕಾಂಟ್ರಾಕ್ಟರ್ ಕಡ್ಡಾಯ. ಅದಕ್ಕೆ ಮೊದಲು ಗೊಣಗಿದ್ದೆವು, ಊಟ ಮಾಡಿದ ಮೇಲೆ ಯಾರೂ ಮಾತಾಡಲಿಲ್ಲ. ಚಿರೋಟಿ ಗರಿಗರಿಯಾಗಿತ್ತು, ಬಾದಾಮಿ ಹಾಲು ನೀರಾಗಿರಲಿಲ್ಲ, ಕೊನೆಯ ಪಂಕ್ತಿಗೂ ಹೋಳಿರುವ ಹುಳಿ ಸಿಕ್ಕಿತು.

ಈಗ ರೇಟ್ ಕಾರ್ಡ್. ಬಾಡಿಗೆ, ಕ್ಲೀನಿಂಗ್, ಜನರೇಟರ್ ಡೀಸೆಲ್, ಗ್ಯಾಸ್, ಪಾತ್ರೆ, ಕಸ ಎತ್ತುವುದಕ್ಕೆ ಬೇರೆ. ಇದೆಲ್ಲ ಗೊತ್ತಿರೋದೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ‘ಮ್ಯೂಸಿಕ್ ಲೈಸೆನ್ಸ್ ಫೀ, ಗ್ರಾಹಕರೇ ಭರಿಸತಕ್ಕದ್ದು, ಹಿಂತಿರುಗಿಸಲಾಗುವುದಿಲ್ಲ’. ಮೊತ್ತ ನೋಡಿ ನಮ್ಮಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾಗಸ್ವರ ಮತ್ತು ಡೋಲಿನವರಿಗೆ ಎರಡು ಹೊತ್ತಿಗೆ ನಾವು ಕೊಡಲು ಒಪ್ಪಿದ್ದ ಸಂಭಾವನೆಗಿಂತ ಅದು ಜಾಸ್ತಿ ಇತ್ತು. ಊದುವವರಿಗಿಂತ ಊದಲು ಬಿಡುವವರಿಗೆ ಹೆಚ್ಚು ದುಡ್ಡು!

ಇದು ಯಾಕೆ ಅಂತ ಮ್ಯಾನೇಜರ್‌ನ ಕೇಳಿದೆ. ಮನುಷ್ಯ ಒಳ್ಳೆಯವನೇ, ಕಾಫಿ ತರಿಸಿ ಕೂರಿಸಿಯೇ ಮಾತಾಡಿದ. ‘ರಿಸೆಪ್ಷನ್‌ಗೆ ಸಿನಿಮಾ ಹಾಡು ಹಾಕ್ತೀರಲ್ವಾ ಸಾರ್, ಅದಕ್ಕೆ. ಎಲ್ರೂ ಕೊಡ್ತಾರೆ’ ಅಂದ. ಯಾರಿಗೆ ಹೋಗುತ್ತೆ ಈ ದುಡ್ಡು ಅಂದರೆ ‘ಕಂಪನಿಗೆ’. ಯಾವ ಕಂಪನಿ? ಡ್ರಾಯರ್ ಎಳೆದು ಒಂದು ಕಾಗದ ತೆಗೆದ. ಜೆರಾಕ್ಸಿನ ಜೆರಾಕ್ಸ್. ಮೇಲಿನ ಲೋಗೋ ಕಪ್ಪು ಮಚ್ಚೆಯಾಗಿತ್ತು, ಕೆಳಗಿನ ಸೀಲು ಓದಲು ಆಗುತ್ತಿರಲಿಲ್ಲ. ನಿಮ್ಮ ಆವರಣದಲ್ಲಿ ರೆಕಾರ್ಡ್ ಆದ ಹಾಡು ಹಾಕುವ ಯಾವುದೇ ಕಾರ್ಯಕ್ರಮಕ್ಕೆ ಮುಂಚೆಯೇ ಲೈಸೆನ್ಸ್ ಪಡೆಯಬೇಕು, ಇಲ್ಲದಿದ್ದರೆ ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ರ ಪ್ರಕಾರ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಜೈಲು ಅನ್ನುವಲ್ಲಿ ದಪ್ಪ ಅಕ್ಷರ.

ಸೆಕ್ಷನ್ 63 ಸುಳ್ಳಲ್ಲ, ಕಾಯ್ದೆಯಲ್ಲಿ ಇದೆ. ಆದರೆ ಅದೇ ಕಾಯ್ದೆಯಲ್ಲಿ ಸೆಕ್ಷನ್ 52 ಕೂಡ ಇದೆ, ಆ ಕಾಗದದಲ್ಲಿ ಅದರ ಸುಳಿವೇ ಇರಲಿಲ್ಲ. ನಮ್ಮ ದೊಡ್ಡಪ್ಪನ ಮಗ ವಕೀಲ. ಅವನು ಫೋನಿನಲ್ಲೇ ಹುಡುಕಿ ಓದಿಸಿದ. 1957ರ ಕಾಯ್ದೆ, ಸೆಕ್ಷನ್ 52(1)(ಝಡ್‌ಎ). ಏನನ್ನು ಕಾಪಿರೈಟ್ ಉಲ್ಲಂಘನೆ ಅಂತ ಕರೆಯಬಾರದು ಅನ್ನುವ ಪಟ್ಟಿ ಆ ಸೆಕ್ಷನ್‌ನಲ್ಲಿದೆ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡುವುದು, ನುಡಿಸುವುದು, ರೆಕಾರ್ಡ್ ಆದ ಹಾಡನ್ನು ಜನರಿಗೆ ಕೇಳಿಸುವುದು ಆ ಪಟ್ಟಿಗೆ ಸೇರಿವೆ. ಸರ್ಕಾರಿ ಸಮಾರಂಭಕ್ಕೂ ಹಾಗೇ. ಆಮೇಲೆ ಯಾರಿಗೂ ಅನುಮಾನ ಬೇಡ ಅಂತ ಒಂದು ವಿವರಣೆಯನ್ನೂ ಕೆಳಗೆ ಸೇರಿಸಿದ್ದಾರೆ: ಧಾರ್ಮಿಕ ಸಮಾರಂಭ ಅಂದರೆ ಮದುವೆ ಮೆರವಣಿಗೆಯೂ ಸೇರಿತು, ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಸೇರಿದವು. ಆರತಕ್ಷತೆಗಿಂತ ಮದುವೆಗೆ ಹತ್ತಿರದ ಸಂಭ್ರಮ ಇನ್ಯಾವುದು ಹೇಳಿ?

ಮ್ಯಾನೇಜರ್‌ಗೆ ಇದನ್ನು ತೋರಿಸಿದಾಗ ಅವನು ಜಗಳವಾಡಲಿಲ್ಲ. ‘ಓನರ್‌ನ ಕೇಳ್ತೀನಿ’ ಅಂತ ಹೊರಗೆ ಹೋದ. ಓನರ್ ಫೋನಿನಲ್ಲಿ ನನ್ನ ಹತ್ತಿರವೇ ಮಾತಾಡಿದರು. ಅವರು ಹೇಳಿದ್ದು ಒಂದೇ ಮಾತು: ‘ನಂಗೆ ಕೋರ್ಟು ಕಚೇರಿ ಬೇಡಪ್ಪಾ. ಅವರು ಕಾಗದ ಕಳಿಸ್ತಾರೆ, ನಾನು ಕಟ್ತೀನಿ, ನಿಮ್ಮ ಹತ್ರ ತಗೋತೀನಿ’. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಇವರ ಭಯವೂ ನಾಟಕ ಅಲ್ಲ ಅನ್ನಿ. ವಕೀಲರನ್ನು ಇಟ್ಟುಕೊಂಡು ನೋಟಿಸಿಗೆ ಉತ್ತರ ಬರೆಸುವುದಕ್ಕಿಂತ ಫೀ ಕಟ್ಟುವುದು ಅಗ್ಗ. ನೋಟಿಸ್ ಕಳಿಸುವವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು.

ಇನ್ನೊಂದು ಕಾಗದವನ್ನೂ ನಾವು ತೋರಿಸಿದೆವು, ಅದು ಕೇಂದ್ರ ಸರ್ಕಾರದ್ದು. ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿದೆ. ಮದುವೆಗಳಲ್ಲಿ ಹಾಡು ಹಾಕಿದ್ದಕ್ಕೆ ಕಾಪಿರೈಟ್ ಸೊಸೈಟಿಗಳು (ಹಾಡಿನ ಹಕ್ಕುದಾರರ ಪರವಾಗಿ ದುಡ್ಡು ವಸೂಲಿ ಮಾಡುವ ನೋಂದಾಯಿತ ಸಂಸ್ಥೆಗಳು) ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಹಣ, ಕೇಳುತ್ತಿವೆ ಅಂತ ಜನರಿಂದ ದೂರು ಬಂದಿವೆ, ಸೆಕ್ಷನ್ 52ಕ್ಕೆ ವಿರುದ್ಧ ನಡೆಯಬೇಡಿ ಅಂತ ಅದರಲ್ಲಿ ಸೊಸೈಟಿಗಳಿಗೆ ಹೇಳಿದ್ದಾರೆ. ಇಂಥ ಬೇಡಿಕೆಗಳಿಗೆ ಮಣಿಯಬೇಡಿ ಅಂತ ಜನರಿಗೂ ಹೇಳಿದ್ದಾರೆ. ಒಂದೂವರೆ ಪುಟ ಇದ್ದರೆ ಹೆಚ್ಚು. ಪ್ರಿಂಟ್ ಹಾಕಿಸಿ ಲಗ್ನಪತ್ರಿಕೆಗಳ ಜೊತೆ ಇಟ್ಟುಕೊಳ್ಳಿ.

ಆದರೆ ಈ ಪ್ರಕಟಣೆಯನ್ನೇ ಬ್ರಹ್ಮಾಸ್ತ್ರ ಅಂದುಕೊಳ್ಳಬೇಡಿ. ಇದೇ ಥರದ 2019ರ ಪ್ರಕಟಣೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತ್ತು. ಗೋವಾ ಸರ್ಕಾರ 2024ರ ಜನವರಿಯಲ್ಲಿ ಒಂದು ಸುತ್ತೋಲೆ ಹೊರಡಿಸಿತು, ಮದುವೆಗೆ ರಾಯಲ್ಟಿ ಕೇಳಿದರೆ ಪೊಲೀಸರು ಕ್ರಮ ತಗೊಳ್ಳಬೇಕು ಅಂತ. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನೂ ಹೊಡೆದುಹಾಕಿತು. ಕಾನೂನಿನಲ್ಲಿ ಏನಿದೆ ಅಂತ ಅರ್ಥ ಹೇಳುವುದು ಕೋರ್ಟಿನ ಕೆಲಸ, ಸುತ್ತೋಲೆ ಬರೆಯುವ ಅಧಿಕಾರಿಯದ್ದಲ್ಲ ಅನ್ನುವುದು ಒಟ್ಟು ಸಾರ. ಅದು ನ್ಯಾಯವೇ. ಸುತ್ತೋಲೆ ಬಿದ್ದರೂ ಸೆಕ್ಷನ್ 52 ಬಿದ್ದಿಲ್ಲ, ಅದು ಸಂಸತ್ತು ಮಾಡಿದ್ದು. ಹಾಗಾಗಿ ಮಂಟಪದವರ ಹತ್ತಿರ ವಾದ ಮಾಡುವಾಗ ಪ್ರಕಟಣೆಯನ್ನು ಎರಡನೆಯದಾಗಿ ತೋರಿಸಿ, ಸೆಕ್ಷನ್ ಮೊದಲು.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನನ್ನು ಪುಕ್ಕಟೆ ಪಾರ್ಟಿ ಅಂದುಕೊಳ್ಳುತ್ತೀರಿ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ದುಡ್ಡು ಹೋಗಲೇಬೇಕು. ಎಷ್ಟೋ ಕಾಲ ನಮ್ಮ ಚಿತ್ರಸಾಹಿತಿಗಳು ಒಂದು ಸಲ ಕೈಗೆ ಬಂದಿದ್ದೇ ಬಂತು ಅಂತ ಸುಮ್ಮನಿರಬೇಕಿತ್ತು, ಹಾಡು ಎಷ್ಟು ವರ್ಷ ಓಡಿದರೂ ಲಾಭವೆಲ್ಲ ಕಂಪನಿಗೆ. 2012ರ ತಿದ್ದುಪಡಿ ಬಂದ ಮೇಲೆ ಸಿನಿಮಾ ಹಾಡಿನ ರಾಯಲ್ಟಿಯಲ್ಲಿ ಅವರಿಗೂ ಸಮಪಾಲು ಇದೆ, ಆ ಹಕ್ಕನ್ನು ಬರೆಸಿಕೊಳ್ಳಲು ವಾರಸುದಾರರು, ಕಾಪಿರೈಟ್ ಸೊಸೈಟಿ ಬಿಟ್ಟು ಬೇರೆ ಯಾರಿಗೂ ಆಗುವುದಿಲ್ಲ. ತುಂಬಾ ಒಳ್ಳೆಯ ಕೆಲಸ. ಹೊಸ ವರ್ಷದ ಹಿಂದಿನ ರಾತ್ರಿ ಟಿಕೆಟ್ ಇಟ್ಟು ಕುಣಿಸುವ ಪಬ್ ಕೊಡಲಿ, ಆಫೀಸಿನ ವಾರ್ಷಿಕೋತ್ಸವ ಮಾಡುವ ಕಂಪನಿ ಕೊಡಲಿ, ದಿನವಿಡೀ ಹಾಡು ಹಾಕಿ ಬಟ್ಟೆ ಮಾರುವ ಮಾಲ್ ಕೊಡಲಿ. ಮಗುವಿನ ಬರ್ತ್‌ಡೇ ಪಾರ್ಟಿಯನ್ನು ಹೋಟೆಲಿನಲ್ಲಿ ಮಾಡಿದರೆ ಈ ವಿನಾಯಿತಿ ನಿಮಗೂ ಸಿಗದೇ ಇರಬಹುದು, ಅದು ಮದುವೆಯೂ ಅಲ್ಲ, ಪೂಜೆಯೂ ಅಲ್ಲ. ದುಡ್ಡು ತಗೊಂಡು ಮದುವೆಯಲ್ಲಿ ಡಿಜೆ ನಡೆಸುವ ಈವೆಂಟ್ ಕಂಪನಿಗೂ ಈ ರಕ್ಷಣೆ ಉಂಟಾ ಅನ್ನುವ ವಾದ ದೆಹಲಿ ಹೈಕೋರ್ಟಿನವರೆಗೆ ಹೋಗಿದೆ. ಅದು ಬೇಕಾದರೆ ಕೋರ್ಟಿನಲ್ಲಿ ತೀರ್ಮಾನವಾಗಲಿ. ಮಗಳ ಮದುವೆ ಮಾಡುವ ಅಪ್ಪನನ್ನು ಅದೇ ಸಾಲಿನಲ್ಲಿ ನಿಲ್ಲಿಸಿ ಜೈಲು ಅಂತ ದಪ್ಪ ಅಕ್ಷರದಲ್ಲಿ ಹೆದರಿಸುವುದು ಮಾತ್ರ ಅತಿಯಾಯಿತು.

ಅಷ್ಟಾಗಿ ಈ ದುಡ್ಡು ಯಾರಿಗೆ ತಲುಪುತ್ತದೆ ಅನ್ನುವುದೇ ಸ್ಪಷ್ಟವಿಲ್ಲ. ಒಂದು ಸಿನಿಮಾ ಹಾಡಿನಲ್ಲಿ ಸಾಹಿತ್ಯದ ಹಕ್ಕು ಬೇರೆ, ರಾಗದ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಒಂದಕ್ಕೆ ಒಂದು ಸಂಸ್ಥೆ, ಇನ್ನೊಂದಕ್ಕೆ ಇನ್ನೊಂದು. ಅದರ ಮೇಲೆ ಕೆಲವು ಲೇಬಲ್‌ಗಳ (ಹಾಡು ರೆಕಾರ್ಡ್ ಮಾಡಿ ಹೊರತರುವ ಕಂಪನಿಗಳ) ಪರವಾಗಿ ವಸೂಲಿ ಮಾಡುವ ಖಾಸಗಿ ಕಂಪನಿಗಳು. ಸೊಸೈಟಿಯಾಗಿ ನೋಂದಣಿ ಆಗದವರು ಹೀಗೆ ಲೈಸೆನ್ಸ್ ಕೊಡಬಹುದಾ? ಆಗಲ್ಲ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು, ಹಕ್ಕಿನ ಮಾಲೀಕರಾಗಿ ಕೊಡಬಹುದು ಅಂತ ಬಾಂಬೆ ಹೈಕೋರ್ಟ್ 2024ರಲ್ಲಿ ಹೇಳಿತು. ನ್ಯಾಯಾಧೀಶರಲ್ಲೇ ಒಮ್ಮತ ಇಲ್ಲದ ವಿಷಯವನ್ನು ಮಂಟಪದ ಮ್ಯಾನೇಜರ್ ರೇಟ್ ಕಾರ್ಡಿನಲ್ಲಿ ‘ಭರಿಸತಕ್ಕದ್ದು’ ಅಂತ ಮುಗಿಸಿಬಿಟ್ಟಿದ್ದಾನೆ. ನಾನು ಕೇಳಿದ್ದು ಸರಳ: ಈ ಫೀಗೆ ರಸೀದಿ ಯಾರ ಹೆಸರಿನಲ್ಲಿ ಕೊಡುತ್ತೀರಿ? ಮಂಟಪದ ಹೆಸರಿನಲ್ಲಂತೆ. ಲೈಸೆನ್ಸ್ ಪ್ರತಿ ಕೊಡುತ್ತೀರಾ? ಅದಕ್ಕೆ ಉತ್ತರ ಬರಲಿಲ್ಲ, ಇನ್ನೊಂದು ಕಾಫಿ ಬಂತು.

ಕೊನೆಗೆ ಏನಾಯಿತು ಅಂದರೆ, ಹಾಡಿನ ವಿಷಯದಲ್ಲಿ ಏನೇ ತಕರಾರು ಬಂದರೂ ನಾವೇ ಜವಾಬ್ದಾರರು ಅಂತ ಅಪ್ಪ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಆದರೂ ಆ ಮೊತ್ತವನ್ನು ಡೆಪಾಸಿಟ್ ಅಂತ ಹಿಡಿದುಕೊಂಡರು. ಮದುವೆ ಮುಗಿದು, ಪಾತ್ರೆ ಲೆಕ್ಕ ಒಪ್ಪಿಸಿ, ಎರಡು ಮೂರು ಸಲ ಫೋನ್ ಮಾಡಿದ ಮೇಲೆ ಪೂರ್ತಿ ವಾಪಸ್ ಬಂತು. ಯಾವ ಕಂಪನಿಯವರೂ ಮದುವೆಗೆ ಬರಲಿಲ್ಲ. ಬಂದಿದ್ದರೆ ಚಿರೋಟಿ ತಿಂದು ಹೋಗಬಹುದಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಮುಹೂರ್ತದ ವಿಡಿಯೋವನ್ನು ಅಮೆರಿಕದಲ್ಲಿರುವ ಅತ್ತೆಗೆ ನೋಡಲು ಅಂತ ಇಂಟರ್ನೆಟ್ಟಿಗೆ ಏರಿಸಿದೆವು. ಸ್ವಲ್ಪ ಹೊತ್ತಿಗೇ ಮೇಲ್ ಬಂತು, ಇದರಲ್ಲಿರುವ ಸಂಗೀತ ಬೇರೆಯವರ ಸ್ವತ್ತು ಅಂತ. ಯಾವ ಸಂಗೀತ? ಯಾವ ಜಾಗ ಅಂತ ನಿಮಿಷ ಸೆಕೆಂಡ್ ಸಮೇತ ತೋರಿಸಿದ್ದರು. ನೋಡಿದರೆ ನಾಗಸ್ವರದವರು ತ್ಯಾಗರಾಜರ ಕೃತಿ ನುಡಿಸುತ್ತಿದ್ದ ಭಾಗ. ತ್ಯಾಗರಾಜರು ತೀರಿಕೊಂಡಿದ್ದು 1847ರಲ್ಲಿ. ನಮ್ಮ ಕಾಯ್ದೆಯಲ್ಲಿ ಬರೆದವರ ಹಕ್ಕು ಇರುವುದು ಅವರು ತೀರಿಕೊಂಡು 60 ವರ್ಷದವರೆಗೆ. ಮೊದಲು 50 ಇತ್ತು, 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಎಳೆದರು. ಹೇಗೆ ಎಳೆದರೂ ತ್ಯಾಗರಾಜರು ಅದರೊಳಗೆ ಬರುವುದಿಲ್ಲ. ಯಾವುದೋ ಕಂಪನಿ ಆ ಕೃತಿಯನ್ನು ಯಾರೋ ವಿದ್ವಾಂಸರಿಂದ ನುಡಿಸಿ ರೆಕಾರ್ಡ್ ಮಾಡಿದೆ, ಆ ರೆಕಾರ್ಡಿಂಗ್ ಅವರದ್ದು, ಒಪ್ಪಿದೆ. ನಮ್ಮ ಮಂಟಪದಲ್ಲಿ ನಮ್ಮ ಕಣ್ಣೆದುರೇ ಬೆವರು ಒರೆಸಿಕೊಳ್ಳುತ್ತಾ ಊದಿದ್ದು ಹೇಗೆ ಅವರದ್ದಾಗುತ್ತದೆ? ಅದೇ ರಾಗ, ಅದೇ ಕೃತಿ, ಅದೇ ವಾದ್ಯ ಅಂತ ಯಂತ್ರ ಹೊಂದಿಸಿಬಿಟ್ಟಿದೆ. ತಕರಾರು ಹಾಕಿದೆವು. ತೀರ್ಪು ಕೊಡುವವರು ಯಾರು ಅಂದರೆ ಮೊದಲ ಹಂತದಲ್ಲಿ ಅದೇ ಕಂಪನಿ! ಅವರೇ ಹಕ್ಕು ಸಾಧಿಸುವವರು, ಅವರೇ ಅದನ್ನು ಬಿಡಬೇಕಾ ಬೇಡವಾ ಅಂತ ನೋಡುವವರು. ತಿಂಗಳು ಕಾದ ಮೇಲೆ ತಾನಾಗೇ ಬಿಟ್ಟುಹೋಯಿತು. ತಪ್ಪಾಯಿತು ಅಂತ ಒಂದು ಸಾಲೂ ಇಲ್ಲ. ಸುಳ್ಳು ಹಕ್ಕು ಸಾಧಿಸಿದವರಿಗೆ ಏನೂ ನಷ್ಟವಿಲ್ಲದಿದ್ದರೆ ಅವರು ಯಾಕೆ ನೋಡಿ ಮಾಡುತ್ತಾರೆ? ಈ ವಿಡಿಯೋ ಕಥೆಗೂ ಮಂಟಪಕ್ಕೂ ಸಂಬಂಧ ಇಲ್ಲ, ಅವರ ಸ್ಟಾರ್ ಕಡಿಮೆ ಮಾಡಿಲ್ಲ. ಆದರೆ ಸ್ವಭಾವ ಒಂದೇ, ಮೊದಲು ಕೇಳು, ಎದುರು ಮಾತಾಡಿದರೆ ಬಿಡು.

ಒಂದು ತಮಾಷೆ. ರಾತ್ರಿ ಹತ್ತರ ಮೇಲೆ ಮುಚ್ಚಿದ ಹಾಲ್‌ನ ಹೊರಗೆ ಕೇಳುವಂತೆ ಧ್ವನಿವರ್ಧಕ ಹಾಕಬಾರದು ಅನ್ನುವುದು 2000ದ ಶಬ್ದಮಾಲಿನ್ಯ ನಿಯಮ, ಅದು ಮದುವೆಗೂ ಅನ್ವಯಿಸುತ್ತದೆ, ಪಕ್ಕದ ಮನೆಯವರ ನಿದ್ದೆ ಉಳಿಸುವಂಥದ್ದು. ರೇಟ್ ಕಾರ್ಡಿನಲ್ಲಿ ಎಲ್ಲೂ ಅದರ ಹೆಸರಿಲ್ಲ. ನಾವು ಹತ್ತಕ್ಕೆ ನಿಲ್ಲಿಸಿದಾಗ ಮ್ಯಾನೇಜರ್ರೇ ಬಂದು ‘ಯಾಕ್ ಸಾರ್ ನಿಲ್ಸಿದ್ರಿ, ಹಾಕಿ, ಯಾರೂ ಕೇಳಲ್ಲ’ ಅಂದ.

ಈ ಮಂಟಪ ನೋಡಲು ಹೋಗುವವರಿಗೆ: ಅಡ್ವಾನ್ಸ್ ಕೊಡುವ ಮುಂಚೆ ಆ ಸಾಲಿನ ಮೇಲೆ ಗೀಟು ಹಾಕಿಸಿ ಸಹಿ ಮಾಡಿಸಿಕೊಳ್ಳಿ, ಆಮೇಲೆ ಕೇಳಿದರೆ ದುಡ್ಡು ಅವರ ಕೈಯಲ್ಲಿರುತ್ತದೆ. ಗೀಟು ಹಾಕಲ್ಲ ಅಂದರೆ ಯಾವ ಸಂಸ್ಥೆ, ಯಾವ ಸೆಕ್ಷನ್, ಯಾರ ಹೆಸರಿನ ರಸೀದಿ ಅಂತ ಬರವಣಿಗೆಯಲ್ಲಿ ಕೇಳಿ. ನಾಮಕರಣ, ಉಪನಯನ ಮಾಡುವವರೂ ಕೇಳಬಹುದು, ಅವೂ ಧಾರ್ಮಿಕ ಸಮಾರಂಭಗಳೇ. ಊಟಕ್ಕೆ ಐದಕ್ಕೆ ಐದು, ಹಾಲ್‌ಗೆ ನಾಲ್ಕು, ಪಾರ್ಕಿಂಗ್‌ಗೆ ಎರಡು. ಊಟದ ಹಾಲ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಚಿಕ್ಕದು, ಮಂಡಿನೋವಿನ ಅಜ್ಜಿಯರಿದ್ದರೆ ಮೊದಲನೇ ಪಂಕ್ತಿಗೇ ಕಳಿಸಿಬಿಡಿ.