ಮೇ ತಿಂಗಳ ಟೆಂಟು: ಭಂಡಾರದರಾನಾ, ಮನಾಲಿ ಕಡೆಯ ಪೈನ್ ಕಾಡಾ?

ಪುಣೆಯ ಸೆಕೆಗೆ ಟೆಂಟ್ ಹೊತ್ತು ಓಡೋಣ ಅಂದ್ರೆ ನಮ್ಮ ಕನ್ನಡದ ಗೆಳೆಯರಲ್ಲಿ ಎರಡು ಪಕ್ಷ. ಮಹಾರಾಷ್ಟ್ರದಲ್ಲೇ ಸಹ್ಯಾದ್ರಿ ಬೆಟ್ಟಗಳ ನಡುವಿನ ಊರು ಭಂಡಾರದರಾಗೆ ಶನಿವಾರ ಹೋಗಿ ಭಾನುವಾರ ವಾಪಸ್ ಬರಬಹುದು. ತಿಂಗಳ ಕೊನೆಗೆ ಮಿಂಚುಹುಳಗಳೂ ಕಾಣುತ್ತವೆ. ಆದರೆ ಮಧ್ಯಾಹ್ನ ಟೆಂಟಿನೊಳಗೆ ಕೂತರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ!

ಮನಾಲಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಮೇನಲ್ಲೂ ರಾತ್ರಿ ಸ್ವೆಟರ್ ಬೇಕು. ಪೈನ್ ಎಲೆಗಳು ಸೂಜಿಯ ಹಾಗೆ ಉದುರಿ ನೆಲ ಮೆತ್ತಗಿರುತ್ತದೆ. ಇಳಿಜಾರಲ್ಲಿ ಮಾತ್ರ ಚಪ್ಪಲಿ ಸರ್ರನೆ ಜಾರುತ್ತದೆ, ಬಿದ್ದವನೇ ಹೇಳ್ತಿದ್ದೇನೆ. ಒಣಗಿದ ಆ ಎಲೆಗೆ ಬೇಗ ಬೆಂಕಿ ಹತ್ತುತ್ತದೆ. ಕ್ಯಾಂಪ್‌ಫೈರ್ ಆಸೆ ಬಿಡಿ, ಸಣ್ಣ ಗ್ಯಾಸ್ ಸ್ಟವ್ ಸಾಕು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲೇ ಕೊಳ್ಳಿ.

ವಾರ ರಜೆ ಇದ್ದರೆ ಪೈನ್ ಕಾಡೇ. ಎರಡೇ ದಿನ ಅಂದ್ರೆ ಭಂಡಾರದರಾ, ಆದರೆ ಬಿಸಿಲು ಇಳಿದ ಮೇಲೆ ತಲುಪಿ.