ಪುಕ್ಕದ ಗೊಬ್ಬರ: ಬಾಟಲಿ, ಕಾಸ್ಟಿಕ್ ಸೋಡ, ಬ್ಯಾಕ್ಟೀರಿಯಾ

ಆರುನೂರು ರೂಪಾಯಿ ಕೊಟ್ಟು ತಂದ ಅಮೈನೋ ಆಮ್ಲದ ದ್ರವಗೊಬ್ಬರದ ಬಾಟಲಿ ನನ್ನ ತಾರಸಿಯ ಕರಿಬೇವಿನ ಎಲೆತುದಿಗಳನ್ನು ಸುಟ್ಟ ಮೇಲೆ, ಕೋಳಿ ಪುಕ್ಕದಿಂದ ನಾನೇ ಗೊಬ್ಬರ ಮಾಡುವ ಈ ಹುಚ್ಚು ಹಿಡಿಯಿತು. ಎಲೆಯ ಮೇಲೆ ಒಣಗಿದ ಹನಿಗಳು ಬಿಳಿ ಕಲೆ ಉಳಿಸಿದ್ದವು. ಪ್ರೋಟೀನನ್ನು ಆಮ್ಲದಲ್ಲಿ ಬೇಯಿಸಿ ಕ್ಷಾರ ಹಾಕಿ ಸರಿದೂಗಿಸಿದರೆ ಉಪ್ಪು ಉಳಿಯುತ್ತದೆ, ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ನಾಶವಾಗುತ್ತದೆ. ನಾನು ಕೊಂಡದ್ದು ಹಾಗೆ ಮಾಡಿದ್ದೇ ಎಂದು ನನ್ನ ಗುಮಾನಿ. ಲೇಬಲ್ ಮಾತ್ರ ಬಾಯಿ ಬಿಡಲಿಲ್ಲ.

ನಮ್ಮ ಬೀದಿಯ ಕೋಳಿ ಅಂಗಡಿಯಲ್ಲಿ ದಿನಕ್ಕೊಂದು ಮೂಟೆ ಪುಕ್ಕ ಕಸಕ್ಕೆ ಹೋಗುತ್ತದೆ. ಅದರಲ್ಲಿ ಸುಮಾರು ಶೇ 90ರಷ್ಟು ಕೆರಟಿನ್ ಎಂಬ ಪ್ರೋಟೀನು. ಕೇಳಿದಾಗ ಅಂಗಡಿಯವರು, "ಸರ್, ದಿಂಬು ಹೊಲಿಯುತ್ತೀರಾ?" ಎಂದರು.

ಮೊದಲು ಕಾಸ್ಟಿಕ್ ಸೋಡ ಎಂಬ ತೀಕ್ಷ್ಣ ಕ್ಷಾರ. ಕುದಿಸಿದರೆ ಪುಕ್ಕ ಕಣ್ಣೆದುರೇ ಕರಗುತ್ತದೆ. ಆದರೆ ಸೋಡಿಯಂ ಕುಂಡದಲ್ಲೇ ಉಳಿಯುತ್ತದೆ, ಕೈಗೆ ಸಿಡಿದರೆ ಚರ್ಮ ಹೋಗುತ್ತದೆ. ಒಂದೇ ಸಲಕ್ಕೆ ಸಾಕಾಯಿತು.

ಆಮೇಲೆ ಮೀನಿನ ಕೊಳಕ್ಕೆ ಹಾಕುವ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ ಪುಡಿ. ಇದೇ ಜಾತಿಯ ಒಂದು ತಳಿ ಪುಕ್ಕವನ್ನೇ ತಿಂದು ಬೆಳೆಯುತ್ತದೆ ಎಂದು ಅಮೆರಿಕದ ನಾರ್ತ್ ಕೆರೊಲಿನಾದ ಸಂಶೋಧಕರು 1990ರಲ್ಲಿ ವರದಿ ಮಾಡಿದ್ದರು. ಅದು ಬಿಡುವ ಕೆರಟಿನೇಸ್ ಕಿಣ್ವ ಗಟ್ಟಿ ಕೆರಟಿನನ್ನು ಪೆಪ್ಟೈಡು (ಪ್ರೋಟೀನಿನ ಸಣ್ಣ ತುಣುಕು), ಅಮೈನೋ ಆಮ್ಲಗಳಾಗಿ ಕತ್ತರಿಸುತ್ತದೆ. ನನ್ನ ಪುಡಿಯಲ್ಲಿರುವುದು ಆ ತಳಿಯಲ್ಲ, ಕೆಲಸ ಮಾತ್ರ ಮಾಡಿತು.

ಆದರೆ ಪುಕ್ಕ ತೇಲುತ್ತದೆ! ಹಕ್ಕಿಯ ಮೈಗೆ ನೀರು ತಾಗದಿರಲೆಂದೇ ಇರುವ ವಸ್ತುವನ್ನು ನೀರಿನಲ್ಲಿ ನೆನೆಸಲು ಹೊರಟಿದ್ದೆ. ಮೊದಲ ಡ್ರಮ್ಮಿನಲ್ಲಿ ಕೆಳಗಿನದು ಮೆತ್ತಗಾಯಿತು, ಮೇಲಿನದು ಒಣಗಿ ನೊಣಗಳಿಗೆ ಮನೆಯಾಯಿತು. ಕಲ್ಲು ಹೇರಿದೆ, ಅಂಚಿನಿಂದ ನುಸುಳಿ ಎದ್ದವು. ತಟ್ಟೆ ಮುಚ್ಚಿದೆ, ಗಾಳಿಯಿಲ್ಲದೆ ಕೊಳೆತ ಮೊಟ್ಟೆಯ ವಾಸನೆ ಹಬ್ಬಿತು. ಹೆಂಡತಿ ಎರಡು ದಿನ ಬಟ್ಟೆ ಒಣಹಾಕಲು ತಾರಸಿ ಹತ್ತಲಿಲ್ಲ.

ಕೊನೆಗೆ ಕೈಹಿಡಿದದ್ದು ಈರುಳ್ಳಿ ಚೀಲ. ಪುಕ್ಕವನ್ನು ಸೋಪಿನ ನೀರಿನಲ್ಲಿ ತೊಳೆದು, ಹಳೆಯ ಕುಕ್ಕರಿನಲ್ಲಿ ಬೇಯಿಸಿ, ಕತ್ತರಿಸಿ, ಕಲ್ಲಿನೊಂದಿಗೆ ಚೀಲದಲ್ಲಿ ಕಟ್ಟಿ ಮುಳುಗಿಸುತ್ತೇನೆ. ಬೇಯಿಸುವುದನ್ನು ಬಿಡಬೇಡಿ, ಹಸಿ ಪುಕ್ಕದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಗಾಳಿಗೆ ಅಕ್ವೇರಿಯಮ್ಮಿನ ಪಂಪು ಸಾಕು.

ಏಪ್ರಿಲ್‌ನಲ್ಲಿ ಒಂದು ವಾರಕ್ಕೆ ಕಂದು ನೀರಾಯಿತು. ಡಿಸೆಂಬರ್‌ನಲ್ಲಿ ಮೂರು ವಾರವಾದರೂ ಪುಕ್ಕದ ದಂಟುಗಳು ಹಾಗೇ ಇದ್ದವು. 45–50 ಡಿಗ್ರಿ ಸೆಲ್ಸಿಯಸ್ ಬಯಸುವ ಜೀವಿಗೆ ಬೆಂಗಳೂರಿನ ಚಳಿ ಹಿಡಿಸುವುದಿಲ್ಲ. ಅಮೋನಿಯಾ ವಾಸನೆ ಇದ್ದೇ ಇರುತ್ತದೆ.

ಲೀಟರ್ ನೀರಿಗೆ 20 ಮಿಲಿ ಬೆರೆಸಿ ಬುಡಕ್ಕಷ್ಟೇ ಹಾಕುತ್ತೇನೆ, ಸೊಪ್ಪಿನ ಮೇಲೆ ಸಿಂಪಡಿಸುವುದಿಲ್ಲ. ಕರಿಬೇವು ಚಿಗುರಿದೆ. ನಿವೃತ್ತನಾದ ನನಗೆ ಸಮಯವಿದೆ, ಮೂವತ್ತು ಕುಂಡಗಳಿವೆ. ನಾಲ್ಕೇ ಕುಂಡ ಇರುವವರು ಎರೆಗೊಬ್ಬರ ಕೊಂಡರೆ ಸಾಕು.

ಆ ಬಾಟಲಿ ಇನ್ನೂ ಅರ್ಧ ತುಂಬಿದೆ. ಆರುನೂರು ರೂಪಾಯಿಯದಲ್ಲವೇ, ಎಸೆದಿಲ್ಲ.